ಅಮೀನಗಡದಲ್ಲಿ ಮುರಿದ ಉಪವಾಸ

ನಮ್ಮ ಸಭೆಯಲ್ಲಿ ಎದ್ದು ದೇವರ ಸಾಕ್ಷಿ ಹೇಳುವವರೆಲ್ಲ ಗುಣವಾಗಿ ಮನೆಗೆ ಬಂದವರ ಸುದ್ದಿ ಹೇಳುತ್ತಾರೆ. ನನ್ನ ಗಂಡ ಬರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ನಾನು ಇಳಕಲ್ಲಿನ ನೇಕಾರರ ಮನೆಯ ಸೊಸೆ. ಮದುವೆಯಾಗಿ ಕೆಲವು ವರ್ಷಕ್ಕೆ ನಾನೂ ಗಂಡನೂ ಯೇಸುವನ್ನು ನಂಬಿದೆವು. ಹೋದ ಬೇಸಿಗೆಯಲ್ಲಿ ಅವರಿಗೆ ಕಾಮಾಲೆ ಏರಿ ಬಾಗಲಕೋಟೆಯ ದವಾಖಾನೆಗೆ ಸೇರಿಸಿದೆವು. ನಮ್ಮ ಸಭೆಯ ಹಿರಿಯ ಅಕ್ಕನವರೊಬ್ಬರು, "ಉಪವಾಸ ಹಿಡಿಯವ್ವಾ. ಅಂವ ಎದ್ದು ಕುಂದ್ರೂತನಕ ಬಾಯಾಗ ಏನೂ ಹಾಕಬ್ಯಾಡ. ದೇವ್ರು ಕೇಳಲೇಬೇಕು" ಅಂದರು. ಹಿಂದೆ ಹರಕೆ ಹೊತ್ತು ಮಹಾಕೂಟಕ್ಕೆ ಬರಿಗಾಲಲ್ಲಿ ನಡೆದವಳು ನಾನು. ದೇವರು ಬದಲಾದರೂ ನನ್ನ ಲೆಕ್ಕ ಬದಲಾಗಿರಲಿಲ್ಲ. ಹಿಡಿದೆ.

ಬಟ್ಟೆಬರೆ ಒಯ್ಯಲು ಇಳಕಲ್ಲಿಗೆ ಬಂದು ತಿರುಗಿ ಹೊರಟಾಗ, ಅಮೀನಗಡದಲ್ಲಿ ಬಸ್ಸಿನಲ್ಲೇ ಕಣ್ಣು ಕತ್ತಲಿಟ್ಟು ಬಿದ್ದೆ. ಎಚ್ಚರವಾದಾಗ ಬಾಯಲ್ಲಿ ಕರದಂಟಿನ ತುಣುಕು. ಪಕ್ಕದ ಸೀಟಿನ ಅಜ್ಜಿ, "ನುಂಗ ತಂಗಿ, ಜೀವಾ ಉಳೀಬೇಕಲ್ಲ" ಎಂದು ಬೆನ್ನು ಸವರುತ್ತಿದ್ದಳು. ನುಂಗಿದೆ. ದವಾಖಾನೆ ಮುಟ್ಟುವಷ್ಟರಲ್ಲಿ ಗಂಡನ ಮುಖಕ್ಕೆ ಬಟ್ಟೆ ಎಳೆದಿದ್ದರು.

"ಮನಿದೇವ್ರನ್ನ ಬಿಟ್ಟಿ, ನನ್ನ ಮಗನ್ನ ತಿಂದಿ" ಅಂದರು ಅತ್ತೆ. ಅದು ಹೆತ್ತ ಹೊಟ್ಟೆಯ ಸಂಕಟ, ತಡೆದುಕೊಂಡೆ. ಆದರೆ ಸಮಾಧಾನ ಹೇಳಲು ಬಂದ ಅಕ್ಕನವರು, ನನ್ನ ಬಾಯಿಂದ ಬಸ್ಸಿನ ಸಂಗತಿ ಕೇಳಿ, "ಉಪಾಸ ಮುರೀಬಾರದಾಗಿತ್ತವ್ವಾ" ಎಂದು ಚಹಾ ಕುಡಿದು ಹೋದರು. ಗಾಯದ ಮೇಲೆ ಬರೆ. ಒಂದು ತುಣುಕು ಸಿಹಿ ತಿಂದು ಗಂಡನನ್ನು ಕೊಂದೆ ಎಂದೇ ನಂಬಿ ಕೂತೆ. ಯೇಸುವಿನ ನೆನಪಿಗೆ ಸಭೆಯಲ್ಲಿ ರೊಟ್ಟಿ ಹಂಚುವ ಕರ್ತನ ಭೋಜನಕ್ಕೆ ಕೈಯೊಡ್ಡುವುದನ್ನು ಬಿಟ್ಟೆ. ಮತ್ತೆ ಉಪವಾಸ, ಬರಿ ನೆಲದ ಮೇಲೆ ನಿದ್ದೆ, ಏನು ಮಾಡಿದರೂ ಎದೆಯ ಉರಿ ಆರಲಿಲ್ಲ. "ಕ್ಷಮಿಸಿದೆ ಅಂತ ಒಂದು ಮಾತು ಹೇಳಪ್ಪಾ" ಎಂಬುದೊಂದೇ ನನ್ನ ಪ್ರಾರ್ಥನೆ.

ಒಂದು ಭಾನುವಾರ ಪಾಸ್ಟರ್ ಭೋಜನದ ರೊಟ್ಟಿ ಹಿಡಿದು ನನ್ನ ಮುಂದೆ ನಿಂತವರು ಸರಿಯಲೇ ಇಲ್ಲ. ಎಲ್ಲರೆದುರೇ ಸಿಟ್ಟು ಉಕ್ಕಿತು.

"ತುಣುಕು ಕರದಂಟು ತಿಂದಿದ್ದಕ್ಕ ಗಂಡನ್ನ ಕೊಲ್ಲೋ ದೇವ್ರು ನನಗ ಬ್ಯಾಡ್ರೀ!"

"ಅಂಥಾ ದೇವ್ರು ನನಗೂ ಬ್ಯಾಡವ್ವಾ" ಅಂದರು ಪಾಸ್ಟರ್. "ನಮ್ಮ ಸಲುವಾಗಿ ಯೇಸು ಜೀವಾನ ಕೊಟ್ಟಾನ. ಅದು ಸಾಲ್ದು ಅಂತ ನಿನ್ನ ಹಸಿವಿ ಬ್ಯಾರೆ ಸೇರಸ್ತೀ ಏನು?"

ಅವತ್ತೂ ಉಪವಾಸವಿದ್ದೆ. ಕೈ ಚಾಚಿ ತೆಗೆದುಕೊಂಡು ತಿಂದೆ. ಅಳು ಒತ್ತರಿಸಿ ಬಂತು, ಅದರ ಹಿಂದೆಯೇ ಎದೆ ತಣ್ಣಗಾಯಿತು. ಇಷ್ಟು ದಿನ ದುಡಿದು ಸಿಗದ ಶಾಂತಿ, ಬೈದು ಕೂತವಳಿಗೆ ಪುಕ್ಕಟೆ ಸಿಕ್ಕಿತು.

ಕಹಿಯೆಲ್ಲ ಹೋಯಿತೆಂದರೆ ಸುಳ್ಳಾದೀತು. ಆ ಅಕ್ಕನವರನ್ನು ಕಂಡರೆ ಇನ್ನೂ ಮೈ ಉರಿಯುತ್ತದೆ, ಅದಕ್ಕೂ ಪ್ರಾರ್ಥನೆ ಮಾಡಿರಿ. ಗಂಡನನ್ನು ಯಾಕೆ ಒಯ್ದೆ ಎಂದು ದೇವರನ್ನು ಈಗಲೂ ಕೇಳುತ್ತೇನೆ. ಮೊದಲು ತಪ್ಪಿತಸ್ಥಳ ಹಾಗೆ ನಡುಗುತ್ತಾ ಕೇಳುತ್ತಿದ್ದೆ, ಈಗ ಮಗಳ ಹಾಗೆ ಜಗಳ ತೆಗೆದು ಕೇಳುತ್ತೇನೆ. ಮುನಿಸಿಕೊಳ್ಳಲಿಕ್ಕೆ ಒಬ್ಬ ತಂದೆ ಸಿಕ್ಕನಲ್ಲ, ಅವನಿಗೆ ಸ್ತೋತ್ರ.