ಏನೂ ಉದುರಿಸದ ಮರಗಳು

ಮರಕ್ಕೂ ನಡತೆಯ ಸರ್ಟಿಫಿಕೇಟು ಬೇಕಾಗುತ್ತದೆ ಎಂದು ನನಗೆ ಗೊತ್ತಾದದ್ದು ಸ್ಯಾನ್ ಡಿಯೇಗೋಗೆ ಬಂದ ಮೇಲೆ. ನರ್ಸರಿಯಲ್ಲಿ ನನ್ನ ಮುಂದಿದ್ದ ಗಂಡಹೆಂಡತಿ ಪ್ರತಿ ಗಿಡದ ಬಳಿಯೂ ನಿಂತು ಅದನ್ನೇ ಕೇಳುತ್ತಿದ್ದರು. ಇದು ಎಲೆ ಉದುರಿಸುತ್ತದೆಯೆ? ಹೂ ಚೆಲ್ಲುತ್ತದೆಯೆ? ಅಯ್ಯೋ, ಹಣ್ಣು ಬಿಡುತ್ತದೆಯೆ? ಮರದಿಂದ ಬಿದ್ದದ್ದಕ್ಕೆಲ್ಲ ಇಲ್ಲಿ ‘ಲಿಟರ್’ ಎನ್ನುತ್ತಾರೆ. ರಸ್ತೆಯಲ್ಲಿ ಎಸೆದ ಚಿಪ್ಸ್ ಪೊಟ್ಟಣಕ್ಕೂ ಅದೇ ಹೆಸರು. ಮೈಸೂರಿನ ನಮ್ಮ ಬೀದಿಯಲ್ಲಿ ಹೊಂಗೆ ಹೂ ಸುರಿದು ನೆಲ ಕಾಣದಂತಾದಾಗ ಗುಡಿಸುವವರು ಗೊಣಗಿದ್ದುಂಟು, ಮರವನ್ನು ಯಾರೂ ಬೈದದ್ದಿಲ್ಲ. ಇಲ್ಲಿ ಹಣ್ಣು ಬಿಡುವುದೇ ಮರದ ದುರ್ಗುಣ.

ನಗುವ ಹಾಗಿರಲಿಲ್ಲ. ನಾನೂ ಅದನ್ನೇ ಕೇಳಲು ಬಂದಿದ್ದೆ.

ನನ್ನ ಹೆಸರು ಶಮೀಮ್. ಮನೆಮಾತು ಉರ್ದು. ಓದಿದ್ದು, ಪಾಠ ಹೇಳಿದ್ದು, ಜಗಳವಾಡಿದ್ದು ಎಲ್ಲ ಕನ್ನಡದಲ್ಲಿ. ನಮ್ಮ ಮನೆಯವರು ಲ್ಯಾಬುಗಳ ಯಂತ್ರ ರಿಪೇರಿ ಮಾಡುವವರು. 2001ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿಗೆ ಬಂದಿಳಿದೆವು. ಅಲ್ಲಿನ ಅಪಾರ್ಟ್‌ಮೆಂಟಿನಲ್ಲಿ ಗೋಡೆಯಾಚೆಯವರು ಕೆಮ್ಮಿದರೆ ನಮ್ಮ ಮಗಳು ಅಫ್ರೀನ್ ಎದ್ದು ಕೂರುತ್ತಿದ್ದಳು. ಆ ವರ್ಷ ಸೆಪ್ಟೆಂಬರಿನ ನಂತರ ಆ ಗೋಡೆಯಾಚೆಯವರು ಲಿಫ್ಟಿನಲ್ಲಿ ನಮ್ಮ ಜೊತೆ ಹತ್ತುವುದನ್ನು ಬಿಟ್ಟರು. ಆಮೇಲೆ ಇವರಿಗೆ ಸ್ಯಾನ್ ಡಿಯೇಗೋದ ಕಡಲಂಚಿನ ಟೊರ್ರಿ ಪೈನ್ಸ್‌ನಲ್ಲಿ ಕೆಲಸ ಸಿಕ್ಕಿತು. ಸಮುದ್ರದ ಹತ್ತಿರ ನಮ್ಮಂಥವರಿಗೆ ಮನೆ ಎಟುಕುವುದಿಲ್ಲ. ಪೂರ್ವಕ್ಕೆ, ಗುಡ್ಡಗಳ ಹಿಂದೆ, ಬೆಂಗಾಡು ಶುರುವಾಗುವ ಕಡೆ ಒಂದು ಮನೆ ಹಿಡಿದೆವು. ಕಲ್ಲು, ಕಳ್ಳಿ, ಕಾದ ಗಾಳಿ. ಆದರೆ ಹಿತ್ತಲಲ್ಲಿ ಒಂದು ಈಜುಕೊಳ.

ನಾನು ಮನೆಗೆ ಹೂಂ ಅಂದದ್ದು ಆ ಕೊಳ ನೋಡಿ. ಶ್ರೀರಂಗಪಟ್ಟಣದಲ್ಲಿ ನಮ್ಮ ಅಜ್ಜಿ, ನಾನಿಯ ಮನೆಯ ಹಿಂದೆ ನಾಲೆಯಿತ್ತು. ಮಾಮುಗಳ ಜೊತೆ ಬಿದ್ದು ಎದ್ದು ಈಜು ಕಲಿತವಳು ನಾನು. ದೊಡ್ಡವಳಾದದ್ದೇ ತಡ, "ಇನ್ನು ನೀರಿಗಿಳಿದೆಯೋ, ಕಾಲು ಮುರೀತೀನಿ" ಎಂದರು ನಾನಿ. ಅಂದಿನಿಂದ ನೀರು ನನಗೆ ಬಕೆಟ್ಟಿನಲ್ಲಿ ಬಂತು. ನಲವತ್ತು ದಾಟಿದ ಮೇಲೆ ನನ್ನದೇ ಹಿತ್ತಲಲ್ಲಿ, ನನ್ನದೇ ನೀರು. ಒಂದು ಸಲ ತಲೆ ಮುಳುಗಿಸಿ ಈಜಬೇಕು, ಇಷ್ಟೇ ನನ್ನ ಆಸೆ.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಹಿಂದಿನ ದಿಬ್ಬದ ಮೇಲೊಂದು ಎರಡಂತಸ್ತಿನ ಮನೆ, ಅದರ ಬಾಲ್ಕನಿ ನೇರವಾಗಿ ನಮ್ಮ ಕೊಳದ ಮೇಲೆ. ಅಲ್ಲಿ ಡಾರ್ಲೀನ್ ಎಂಬ ಹೆಂಗಸು ಬೆಳಗಿನಿಂದ ಕೂತಿರುತ್ತಿದ್ದಳು. ಒಗೆದ ಬಟ್ಟೆ ಹರವಲು ಹೋದರೂ ಅವಳ ಕಣ್ಣು ಬೆನ್ನಿಗೆ ತಾಕುತ್ತಿತ್ತು.

ಮೊದಲ ರಂಜಾನ್ ಹಬ್ಬಕ್ಕೆ ಗಾಜಿನ ಬಟ್ಟಲಲ್ಲಿ ಶೀರ್ ಕುರ್ಮಾ ತುಂಬಿಕೊಂಡು ಅವಳ ಮನೆಗೆ ಹೋದೆ. ಹಾಲು, ಶಾವಿಗೆ, ಖರ್ಜೂರ. ಅಮ್ಮಿ ಕ್ರೋಶಾದಲ್ಲಿ ಹೆಣೆದುಕೊಟ್ಟ ಬಟ್ಟೆಯನ್ನು ಮೇಲೆ ಮುಚ್ಚಿದ್ದೆ. ನಮ್ಮಲ್ಲಿ ಹಬ್ಬದ ಪಾತ್ರೆ ಮುಚ್ಚಿಯೇ ಹೋಗಬೇಕು, ಬರಿದಾಗಿ ವಾಪಸ್ ಬರಬಾರದು. ಏನೂ ಇಲ್ಲದಿದ್ದರೆ ಮೈಸೂರಿನಲ್ಲಿ ಪಕ್ಕದ ಮನೆಯ ಪದ್ಮಮ್ಮನವರು ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದರು. ಡಾರ್ಲೀನ್ ಮುಚ್ಚಿದ ಬಟ್ಟೆಯನ್ನೇ ನೋಡಿದಳು. ಎರಡು ಬೆರಳಲ್ಲಿ ಬಟ್ಟಲು ಹಿಡಿದು ಥ್ಯಾಂಕ್ಸ್ ಎಂದಳು. ಮಾರನೆಯ ದಿನ ಕಸದ ಲಾರಿ ಬರುವ ದಿನ. ಅವಳ ಮನೆಯ ಮುಂದೆ ಹಾದುಹೋಗುವಾಗ ನೋಡಿದೆ, ರಸ್ತೆಗಿಟ್ಟ ಅವಳ ಕಸದ ಡಬ್ಬಿಯ ಮುಚ್ಚಳ ಪೂರ್ತಿ ಕೂತಿರಲಿಲ್ಲ. ಒಳಗೆ ನನ್ನ ಬಟ್ಟಲು, ಶೀರ್ ಕುರ್ಮಾ ಹಾಗೇ, ಬಟ್ಟೆ ಮುಚ್ಚಿದ್ದು ಮುಚ್ಚಿದ ಹಾಗೇ. ಬಟ್ಟಲು ಅಲ್ಲೇ ಬಿಟ್ಟು ಅಮ್ಮಿಯ ಬಟ್ಟೆಯನ್ನು ಮಾತ್ರ ಎತ್ತಿಕೊಂಡು ಬಂದೆ. ಆ ದಿನ ಹುಟ್ಟಿದ ಸಿಟ್ಟು ಇವತ್ತಿಗೂ ಆರಿಲ್ಲ. ಆರಲಿ ಎಂದು ನಾನು ಬಯಸುವುದೂ ಇಲ್ಲ.

ಆ ಬಾಲ್ಕನಿಗೆ ಅಡ್ಡವಾಗಿ ಮರ ನೆಡೋಣ ಎಂದು ಹಟ ಹಿಡಿದದ್ದು ಆಗಲೇ. ಮೀರಾ ಮೆಸಾ ಬಡಾವಣೆಯಲ್ಲಿ ಬೆಂಗಳೂರಿನ ಗೀತಾ ಇದ್ದಾಳೆ, ಸೊಪ್ಪಿನ ಅಂಗಡಿಯಲ್ಲಿ ಸಿಕ್ಕಿ ಗೆಳತಿಯಾದವಳು. ಅವಳನ್ನು ಕೇಳಿದೆ.

"ನುಗ್ಗೆ ಹಾಕ್ಬಿಡಿ ಶಮೀಮಕ್ಕ. ಸರಸರ ಬೆಳೆಯುತ್ತೆ, ಸಾರಿಗೂ ಆಯ್ತು."

"ಅದರ ಎಲೆ ಪುಡಿಪುಡಿ ಕಣೇ, ಎಲ್ಲಾ ಪೂಲಿಗೇ ಬೀಳುತ್ತೆ."

"ಹಾಗಾದ್ರೆ ಮಾವು?"

"ಹೂವು, ಅಂಟು, ಇರುವೆ."

"ಅಲ್ಲಾ, ಏನೂ ಕೊಡದೇ ಇರೋ ಮರ ಯಾಕ್ರೀ ಬೇಕು?" ಎಂದಳು.

ಅವಳಿಗೇನು, ಅವಳ ಮನೆಯಲ್ಲಿ ಪೂಲ್ ಇಲ್ಲ. ನಮ್ಮ ಹಿತ್ತಲಲ್ಲಿ ಹಿಂದಿದ್ದವರು ಬಿಟ್ಟುಹೋದ ನೀಲಗಿರಿ ಮರ ದಿನಾ ಸಿಪ್ಪೆ ಸುಲಿದು ನೀರಿಗೆ ಹಾಕುತ್ತಿತ್ತು. ಉದ್ದ ಕೋಲಿನ ಬಲೆ ಹಿಡಿದು ನಾನು ಅದನ್ನು ಬಳಿಯಬೇಕು. ಇಳಿಯದ ನೀರಿಗೆ ಜೀತ! ಫಿಲ್ಟರ್ ಕಟ್ಟಿಕೊಂಡಾಗಲೆಲ್ಲ ಇವರು ನನ್ನ ಮುಖ ನೋಡುತ್ತಿದ್ದರು, ನಾನೇ ಮರ ಹತ್ತಿ ಸಿಪ್ಪೆ ಸುಲಿದಿದ್ದೇನೆ ಅನ್ನೋ ಹಾಗೆ.

ನರ್ಸರಿಯಲ್ಲಿ ಮೊದಲು ತೋರಿಸಿದ್ದು ‘ಇಂಡಿಯನ್ ಲಾರೆಲ್’. ನಮ್ಮ ಕಡೆಯ ಆಲ, ಅತ್ತಿಗಳ ವಂಶದ ಮರ. ಇಲ್ಲಿ ಬಂದು ನೀಟಾಗಿ ಕ್ಷೌರ ಮಾಡಿಸಿಕೊಂಡು ನಿಂತಿತ್ತು. ಹೆಸರು ಕೇಳಿ ಇವರಿಗೆ ಖುಷಿ. ಆದರೆ ಅದರ ಬೇರು ಕೊಳದ ಗೋಡೆಯನ್ನೇ ಸೀಳುತ್ತದಂತೆ. ಸೈಪ್ರೆಸ್ ಸಣ್ಣ, ಸಂದಿಯಲ್ಲಿ ಬಾಲ್ಕನಿ ಇಣುಕುತ್ತದೆ. ಆಲಿವ್ ಕಾಯಿ ಕೊಳದ ಸುತ್ತಲಿನ ಸಿಮೆಂಟಿಗೆ ಕಲೆ ಹಾಕುತ್ತದೆ. ಕೊನೆಗೆ ಉಳಿದದ್ದು ಫರ್ನ್ ಪೈನ್: ಸಪೂರ ಎಲೆ, ಒತ್ತಾದ ಕೊಂಬೆ, ಬಿಸಿಲಿಗೆ ಜಗ್ಗುವುದಿಲ್ಲ, ಬೇರು ಸಾಧು. ಅದರಲ್ಲೂ ಗಂಡು ಗಿಡ ಆರಿಸಿದರೆ ಹಣ್ಣಿನ ತಾಪತ್ರಯವಿಲ್ಲ ಎಂದು ಅಂಗಡಿಯವನು ನಕ್ಕ.

ನೀಲಗಿರಿ ಕಡಿಸಿ, ಇದನ್ನು ಸಾಲಾಗಿ ನೆಡಿಸಿದೆವು. ಉದುರುವ ಎಲೆಯಿಲ್ಲ, ಹೂವಿಲ್ಲ, ಹಣ್ಣಿಲ್ಲ, ಹಕ್ಕಿಯೂ ಅಷ್ಟಕ್ಕಷ್ಟೇ. ಇದ್ದರೂ ಇಲ್ಲದ ಹಾಗಿರಬೇಕು, ಒಂದು ಕಡ್ಡಿಯೂ ಆಚೆ ಬೀಳಬಾರದು. ಈ ದೇಶ ನಮ್ಮಿಂದ ಕೇಳುವುದೂ ಅದನ್ನೇ ಅಲ್ಲವೆ ಎಂದು ನೀರು ಹಾಯಿಸುವಾಗೆಲ್ಲ ಅನ್ನಿಸುತ್ತಿತ್ತು. ನನ್ನ ದುಡ್ಡು ಕೊಟ್ಟು ನಾನೇ ಅದನ್ನು ಸಾಕುತ್ತಿದ್ದೆ.

ಬೆಳೆಯಲು ನಾಲ್ಕು ವರ್ಷ ಹಿಡಿಯಿತು. ಅಷ್ಟರಲ್ಲಿ ಅಫ್ರೀನ್ ಶಾಲೆಯ ಈಜು ತಂಡ ಸೇರಿದಳು, ಮೈತುಂಬ ಬಟ್ಟೆ ತೊಟ್ಟೇ. ನಾನು ಉರ್ದುವಿನಲ್ಲಿ ಕೇಳಿದರೂ ಕನ್ನಡದಲ್ಲಿ ಕೇಳಿದರೂ ಅವಳದು ಇಂಗ್ಲಿಷ್ ಉತ್ತರ. "ಅಮ್ಮಿ, ನೋಬಡೀಸ್ ಲುಕಿಂಗ್," ಎನ್ನುತ್ತಿದ್ದಳು. ಅವಳು ಇಲ್ಲಿ ಬೆಳೆದವಳು, ಬಾಲ್ಕನಿ ಅವಳಿಗೆ ಬರೀ ಬಾಲ್ಕನಿ. ನನಗೆ ಹಾಗೆ ಅಂದುಕೊಳ್ಳಲು ಆಗಲಿಲ್ಲ.

2007ರ ಬೇಸಿಗೆಗೆ ಮರಗಳು ಒಂದಕ್ಕೊಂದು ಹೆಣೆದುಕೊಂಡು ಹಸಿರು ಗೋಡೆಯಾದವು. ಬಾಲ್ಕನಿ ಮಾಯ. ಅದೇ ವಾರ ನಮ್ಮ ಬಾಗಿಲ ಬೆಲ್ ಆಯಿತು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಡಾರ್ಲೀನ್ ನಮ್ಮ ಹೊಸ್ತಿಲಲ್ಲಿದ್ದಳು.

"ನನಗೇನೂ ಕಾಣಿಸುತ್ತಿಲ್ಲ," ಎಂದಳು.

"ಏನು ಕಾಣಬೇಕಿತ್ತು?" ಎಂದೆ.

"ಅಷ್ಟೊಂದು ಮುಚ್ಚಿಟ್ಟಿದ್ದೀರಲ್ಲ. ಅಲ್ಲಿ ಏನು ನಡೆಯುತ್ತದೆ ಎಂದು ಅಕ್ಕಪಕ್ಕದವರಿಗೆ ಚಿಂತೆಯಾಗುತ್ತದೆ."

"ನಾನು ಸ್ನಾನ ಮಾಡಬೇಕು," ಎಂದೆ. ಇಂಗ್ಲಿಷಿನಲ್ಲಿ ಅದಕ್ಕಿಂತ ಒಳ್ಳೆಯ ಮಾತು ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ.

ಅವಳು ನಂಬಲಿಲ್ಲ. ಯಾರಿಗೆ ಫೋನ್ ಮಾಡಿದಳೋ, ಮುಂದಿನ ವಾರ ಇಬ್ಬರು ಅಧಿಕಾರಿಗಳು ಬಂದು ಹಿತ್ತಲು ನೋಡಿದರು. ಮರದ ಎತ್ತರ ಅಳೆದರು, ಶೆಡ್ಡಿನಲ್ಲಿ ಇಣುಕಿದರು, ಪೂಲ್ ಚೆನ್ನಾಗಿದೆ ಎಂದು ಹೊಗಳಿ ಹೋದರು. ಅತ್ತ ದರಿ, ಇತ್ತ ಪುಲಿ. ಮುಚ್ಚದಿದ್ದರೆ ನೋಡುತ್ತಾರೆ, ಮುಚ್ಚಿದರೆ ಬಂದು ನೋಡುತ್ತಾರೆ.

ಅವರು ಹೋದ ಮೇಲೆ ನನಗೇನೋ ಹುಚ್ಚು ಧೈರ್ಯ ಬಂತು. ಶನಿವಾರ ಮಧ್ಯಾಹ್ನ ಹಳೆಯ ಸಲ್ವಾರ್ ಕಮೀಜ್ ತೊಟ್ಟು, ತಲೆಗೆ ಬಟ್ಟೆ ಬಿಗಿದು ಇಳಿದೆ. ಅಫ್ರೀನ್ ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಳು. ಮೈ ಈಜು ಮರೆತಿರಲಿಲ್ಲ, ಕೈಗಳು ನಾಲೆಯ ಬಡಿತವನ್ನೇ ಬಡಿದವು. ಒಂದು ಸುತ್ತು ಮುಗಿಸಿ ತಲೆಯೆತ್ತಿದೆ. ಅಳು ಬಂದಿತ್ತು, ನೀರಿನಲ್ಲಿ ಗೊತ್ತಾಗಲಿಲ್ಲ.

ಆಗ ಸದ್ದು ಕೇಳಿತು. ಪೊಲೀಸರ ಹೆಲಿಕಾಪ್ಟರ್. ಈ ಊರಿನಲ್ಲಿ ಹೊಸದಲ್ಲ, ಯಾವನೋ ಕಳ್ಳ ಓಡಿದರೆ ಗುಡ್ಡದ ಮೇಲೆ ಸುತ್ತು ಹಾಕಿ, ಅವನು ತೊಟ್ಟ ಅಂಗಿಯ ಬಣ್ಣವನ್ನು ಧ್ವನಿವರ್ಧಕದಲ್ಲಿ ಕೂಗುತ್ತಾರೆ. ನಮಗೂ ಡಾರ್ಲೀನಳಿಗೂ ಸಂಬಂಧವಿಲ್ಲದ ಕಳ್ಳ. ಆದರೆ ಹೆಲಿಕಾಪ್ಟರ್ ನೆಟ್ಟಗೆ ನಮ್ಮ ಹಿತ್ತಲ ಮೇಲೆ ಬಂದು ನಿಂತಿತು. ನಾಲ್ಕು ವರ್ಷ ಸಾಕಿದ ಮರಗಳು ಸುತ್ತ ಗೋಡೆ ಹಿಡಿದಿದ್ದವು, ಮೇಲೆ ಪೂರ್ತಿ ಬಯಲು. ನಾನು ಎದೆಯವರೆಗೆ ನೀರಿನಲ್ಲಿ, ಒದ್ದೆ ಕಮೀಜಿನಲ್ಲಿ, ಎರಡು ಕೈ ಅಡ್ಡ ಹಿಡಿದು ನಿಂತೆ.

ಅಫ್ರೀನ್ ಎದ್ದಳು. ನೋಬಡೀಸ್ ಲುಕಿಂಗ್ ಎಂದು ಆ ದಿನ ಅನ್ನಲಿಲ್ಲ. ದೊಡ್ಡ ಟವೆಲನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು, ಬಟ್ಟೆ ಸಮೇತ ನೀರಿಗಿಳಿದು, ನನ್ನ ತಲೆಯ ಮೇಲೆ ಚಪ್ಪರದಂತೆ ಹಿಡಿದು ನಿಂತಳು. ಹೆಲಿಕಾಪ್ಟರ್ ಹೋಗುವವರೆಗೆ ಕೈ ಇಳಿಸಲಿಲ್ಲ.

ಮರುವರ್ಷ ಊರಿಗೆ ಹೋದಾಗ ನಾನಿಯ ಮನೆಯ ಹಿಂದಿನ ನಾಲೆಯ ಸೋಪಾನದ ಮೇಲೆ ಕೂತು ಕಾಲು ಇಳಿಬಿಟ್ಟೆ. ದಾಟಿ ಹೋದವರೆಲ್ಲ ಗುರುತು ಹಿಡಿದು ನಿಂತರು, ಯಾವಾಗ ಬಂದೆ, ಎಷ್ಟು ದಿನ, ಮಗಳಿಗೆ ಮದುವೆ ಗೊತ್ತಾಯಿತೆ ಎಂದರು. ಅಲ್ಲಿ ಎಲ್ಲರಿಗೂ ನಾನು ಯಾರೆಂದು ಗೊತ್ತು, ಅದಕ್ಕೇ ಇಳಿಯುವ ಹಾಗಿಲ್ಲ. ಇಲ್ಲಿ ಯಾರಿಗೂ ಗೊತ್ತಿಲ್ಲ, ಅದಕ್ಕೂ ಇಳಿಯುವ ಹಾಗಿಲ್ಲ.

ಈ ಸಲದ ಹಬ್ಬಕ್ಕೂ ಕೈ ತಪ್ಪಿ ಶೀರ್ ಕುರ್ಮಾ ಹೆಚ್ಚಾಗಿಯೇ ಆಯಿತು. ಒಂದು ಬಟ್ಟಲು ತುಂಬಿ, ಅಮ್ಮಿಯ ಬಟ್ಟೆ ಮುಚ್ಚಿ, ಹಿತ್ತಲ ಬಾಗಿಲವರೆಗೆ ಹೋದೆ. ಮರಗಳು ಸಂದಿಲ್ಲದೆ ನಿಂತಿದ್ದವು. ಕೊಳದ ನೀರಿನಲ್ಲಿ ಒಂದು ಎಲೆಯೂ ಇರಲಿಲ್ಲ. ಬಟ್ಟಲನ್ನು ಒಳಗೆ ತಂದು, ಬಟ್ಟೆ ತೆಗೆದು, ನಾನೇ ತಿಂದೆ.