ಊಟ ಆಯ್ತಾ ಕೇಳದ ಅರಬಿ ಮೇಷ್ಟ್ರು

ಈಚೆಗೆ ನನಗೆ ಸಿಟ್ಟು ಬರುವುದು ಮನುಷ್ಯರ ಮೇಲಲ್ಲ, ಮೊಬೈಲಿನೊಳಗೆ ಕೂತ ಒಂದು ಆ್ಯಪಿನ ಮೇಲೆ. ಮನುಷ್ಯರಾದರೆ ಬೈದರೆ ತಿರುಗಿ ಬೈಯುತ್ತಾರೆ, ಮನಸ್ಸು ಹಗುರವಾಗುತ್ತದೆ. ಇದು ಮಾತ್ರ ನಾನೆಷ್ಟು ರೇಗಿದರೂ ಕೆಂಪು ದೀಪ ಹಚ್ಚಿ, "ದಯವಿಟ್ಟು ಮತ್ತೆ ಪ್ರಯತ್ನಿಸಿ" ಅನ್ನುತ್ತದೆ. ಬೈಗುಳಕ್ಕೂ ಅದೇ ಉತ್ತರ. ಇದರ ಜೊತೆ ಏಗುವುದು ಹೇಗೆ, ನೀವೇ ಹೇಳಿ.

ನಾನು ಕುಂದಾಪುರದಲ್ಲಿ ಅರಬಿ ಮಾತಾಡಲು ಕಲಿಸುವವಳು. ಗಂಡನ ಕೆಲಸದ ದೆಸೆಯಿಂದ ಮಸ್ಕತ್ತಿನಲ್ಲಿ ಬಹಳ ವರ್ಷ ಸಂಸಾರ ಮಾಡಿದೆ. ಅಲ್ಲಿನ ಮೀನು ಮಾರ್ಕೆಟ್ಟಿನಲ್ಲಿ ಚೌಕಾಸಿ ಮಾಡುತ್ತಲೇ ಭಾಷೆ ನಾಲಿಗೆಗೆ ಹತ್ತಿತು. ಈಗ ಬೈಂದೂರು, ವಂಡ್ಸೆ, ಬ್ರಹ್ಮಾವರದ ಕಡೆಯಿಂದ ಬಸ್ಸು ಹಿಡಿದು ಬರುವ ನರ್ಸುಗಳಿಗೆ ಅದನ್ನು ದಾಟಿಸುತ್ತಿದ್ದೇನೆ. ಎಲ್ಲರೂ ಗಲ್ಫಿಗೆ ಹೊರಟವರು. ಮೊದಲ ದಿನ ಅವರು ಹೆದರಿ ಕೂತಿದ್ದರೆ ನಾನೊಂದು ಸಣ್ಣ ಪಾಂಡಿತ್ಯ ಪ್ರದರ್ಶಿಸುತ್ತೇನೆ. ತಾಲೂಕು, ತಹಶೀಲ್ದಾರ, ಅರ್ಜಿ, ವಕೀಲ, ತಾರೀಕು, ಖಾಲಿ, ಇವೆಲ್ಲ ಮೂಲದಲ್ಲಿ ಅರಬಿಯ ನಂಟಿನವೇ. ತಾಲೂಕು ಕಚೇರಿಗೆ ಅಲೆದು ಚಪ್ಪಲಿ ಸವೆಸಿದವರಿಗೆ ಅರ್ಧ ಅರಬಿ ಬಂದ ಹಾಗೆಯೇ ಅನ್ನುತ್ತೇನೆ. ನಗುತ್ತಾರೆ. ನಕ್ಕ ಬಾಯಿಂದ ಮಾತು ಹೊರಡುವುದು ಸುಲಭ.

ಈ ನಗುವಿನ ನಡುವೆ ನಮ್ಮ ತರಬೇತಿ ಕೇಂದ್ರ ನಡೆಸುವ ಪ್ರಭಾಕರಣ್ಣ ಆ ಆ್ಯಪನ್ನು ತಂದು ಕೂರಿಸಿದರು. ಅವರು ಕೆಟ್ಟವರಲ್ಲ, ಹೊಸತು ಕಂಡರೆ ಮರುಳಾಗುತ್ತಾರೆ ಅಷ್ಟೆ. ಆ್ಯಪ್ ಪ್ರಶ್ನೆ ಕೇಳುತ್ತದೆ, ಹುಡುಗಿಯರು ಉತ್ತರಿಸಬೇಕು, ಸರಿಯಿದ್ದರೆ ಹಸಿರು, ತಪ್ಪಿದರೆ ಕೆಂಪು. ಅದರಿಂದ ಉಪಕಾರವೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಗಂಟಲಿನ ಆಳದಿಂದ ಬರಬೇಕಾದ ಅಕ್ಷರಗಳನ್ನು ಅದು ಬೇಸರವಿಲ್ಲದೆ ತಿದ್ದಿಸುತ್ತದೆ. ನನ್ನದನ್ನೂ ತಿದ್ದಲು ಬಂತು. ಮಸ್ಕತ್ತಿನ ಮೀನುಗಾರರ ಹತ್ತಿರ ಜಗಳ ಗೆದ್ದು ಬಂದ ನನ್ನ ಗಂಟಲಿಗೆ ಕೆಂಪು ದೀಪ! ಆವತ್ತಿನಿಂದ ನಮ್ಮಿಬ್ಬರಿಗೆ ಆಗಿಬರುವುದಿಲ್ಲ.

ಆದರೆ ನನ್ನ ನಿಜವಾದ ತಕರಾರು ಬೇರೆ. ನಮ್ಮ ಊರಿನಲ್ಲಿ ಯಾರೂ ನೇರವಾಗಿ ವಿಷಯಕ್ಕೆ ಬರುವುದಿಲ್ಲ. ಅಂಗಡಿಗೆ ಉಪ್ಪಿಗೆಂದು ಹೋದರೂ, "ಹ್ವಾಯ್, ಕಾಂಬುಕೇ ಇಲ್ಲ, ಊಟ ಆಯ್ತಾ, ಅಬ್ಬಿ ಹುಷಾರಿದ್ರಾ" ಎಂದು ಅಂಗಡಿಯವನ ತಾಯಿಯ ಮಂಡಿನೋವಿನ ತನಕ ವಿಚಾರಿಸಿಕೊಂಡೇ ಉಪ್ಪಿನ ಸುದ್ದಿ ಎತ್ತುವುದು. ಒಮಾನಿನವರೂ ಹಾಗೆಯೇ. ಹೇಗಿದ್ದೀರಿ, ಆರೋಗ್ಯ ಹೇಗಿದೆ, ಮನೆಯವರು ಹೇಗಿದ್ದಾರೆ, ಏನು ಸಮಾಚಾರ, ಎಲ್ಲ ಮುಗಿದ ಮೇಲೆಯೇ ಕೆಲಸದ ಮಾತು. ಹಿಂದೆ ಅರಬರ ಹಾಯಿಹಡಗುಗಳು ಬಸ್ರೂರಿನ ಕಡೆ ಅಕ್ಕಿಗೆ ಬರುತ್ತಿದ್ದವಂತೆ. ಈ ಅಭ್ಯಾಸ ಅವರಿಂದ ನಮಗೆ ಬಂತೋ, ನಮ್ಮಿಂದ ಅಕ್ಕಿಯ ಜೊತೆ ಅವರಿಗೆ ಹೋಯಿತೋ ಎಂದು ನಾನು ಸುಮ್ಮನೆ ಯೋಚಿಸುವುದುಂಟು. ಆ್ಯಪಿಗೆ ಇದೊಂದೂ ಬೇಡ. ಹೇಗಿದ್ದೀರಿ, ಚೆನ್ನಾಗಿದ್ದೇನೆ, ಮುಂದಿನ ಪಾಠ. ಇದನ್ನು ಮಾತುಕತೆ ಎಂದು ಕರೆಯಲು ಅದಕ್ಕೆ ಯಾರು ಅಧಿಕಾರ ಕೊಟ್ಟರು?

ಕೋಡೇರಿಯ ಸುಜಾತಾ ಇದರ ಕೈಗೆ ಸಿಕ್ಕಿ ಒದ್ದಾಡಿದಳು. ಮೀನು ಮಾರುವ ತಾಯಿಯ ಮಗಳು, ಒಳ್ಳೆಯ ನರ್ಸು. ಹಿಂದೊಮ್ಮೆ ಗಲ್ಫಿನ ಸಂದರ್ಶನದಲ್ಲಿ ಬಾಯಿ ಕಟ್ಟಿಹೋಗಿ ಕೆಲಸ ತಪ್ಪಿಸಿಕೊಂಡವಳು. ಆ್ಯಪಿನ ಪರೀಕ್ಷೆಯಲ್ಲಿ ಅವಳು ಎದುರಿಗೆ ಜನ ಇದ್ದಾರೆಂದೇ ತಿಳಿದು, ನಿಮ್ಮ ಮನೆಯವರು ಹೇಗಿದ್ದಾರೆ, ಊಟವಾಯಿತೇ ಎಂದು ಚಂದದ ಅರಬಿಯಲ್ಲಿ ಕೇಳಿದಳು. ಕೆಂಪು. "ಉತ್ತರ ಪ್ರಶ್ನೆಗೆ ಸಂಬಂಧಿಸಿಲ್ಲ."

"ಟೀಚರ್, ಕೇಂಬುದ್ ತಪ್ಪಾ?" ಅಂದಳು. "ಉಂಡ್ರಾ ಇಲ್ಯಾ ಅಂದೇಳಿ ಕೇಣ್ದೆ ಕೆಲ್ಸದ್ ಮಾತ್ ಹ್ಯಾಂಗ್ ಆಡುದ್?"

ಪ್ರಭಾಕರಣ್ಣ ಮಸ್ಕತ್ತಿನ ಆಸ್ಪತ್ರೆಯ ಸಂದರ್ಶನಕ್ಕೆ ಹಸಿರು ಬಂದವರ ಹೆಸರನ್ನಷ್ಟೇ ಕಳಿಸುವುದೆಂದರು. ನನಗೆ ತಡೆಯಲಿಲ್ಲ. ಅವಳ ಹೆಸರು ಹೋಗದಿದ್ದರೆ ನಾಳೆಯಿಂದ ನಾನು ಬರುವುದಿಲ್ಲ, ಆ ಆ್ಯಪಿನ ಹತ್ತಿರವೇ ಪಾಠ ಮಾಡಿಸಿಕೊಳ್ಳಿ ಎಂದು ಹೇಳಿ ಚೀಲ ಹೆಗಲಿಗೇರಿಸಿದೆ. "ಸಿಟ್ಟ್ ಮಾಡ್ಬೇಡಿ ಮಾರಾಯ್ರೆ, ಕಳ್ಸುವ" ಅಂದರು ಪಾಪ.

ಸಂದರ್ಶನ ವಿಡಿಯೋದಲ್ಲಿ. ನಾನು ಕ್ಯಾಮೆರಾಕ್ಕೆ ಕಾಣದ ಹಾಗೆ ಗೋಡೆಗೆ ಒರಗಿ ನಿಂತಿದ್ದೆ. ಆ ಕಡೆ ಒಬ್ಬರು ಹಿರಿಯ ಒಮಾನಿ ಹೆಂಗಸು. ಸುಜಾತಾ ಕೆಂಪು ದೀಪಕ್ಕೆ ಹೆದರಿದವಳು, ಚೆನ್ನಾಗಿದ್ದೇನೆ ಎಂದಷ್ಟೇ ಹೇಳಿ ಬಾಯಿ ಮುಚ್ಚಿದಳು. ಮತ್ತೆ ಅದೇ ಗತಿಯಾಯಿತೆಂದು ಆ ಆ್ಯಪಿಗೆ ಮನಸ್ಸಿನಲ್ಲೇ ಶಾಪ ಹಾಕಿದೆ. ಅಷ್ಟರಲ್ಲಿ ಆ ಹೆಂಗಸಿಗೆ ಕೆಮ್ಮು ಬಂತು. ಸುಜಾತಾಳಿಗೆ ಆ್ಯಪು ಮರೆತುಹೋಯಿತು. ಎಷ್ಟು ದಿನದಿಂದ ಕೆಮ್ಮು, ಬಿಸಿನೀರು ಕುಡಿಯುತ್ತೀರಾ, ಮನೆಯಲ್ಲಿ ನೋಡಿಕೊಳ್ಳುವವರು ಇದ್ದಾರಾ ಎಂದು ಒಂದೇ ಸಮನೆ ಕೇಳಿದಳು. ಆ ಹೆಂಗಸು ನಕ್ಕು, ಸೊಸೆಯ ಮೇಲಿನ ದೂರನ್ನೂ ಸೇರಿಸಿ ಉತ್ತರ ಕೊಟ್ಟರು. ಮತ್ತೆ ಮಾತು ನಿಲ್ಲಿಸುವುದೇ ಕಷ್ಟವಾಯಿತು. ಕೆಲಸ ಸಿಕ್ಕಿತು.

ನಾನು ಗೆದ್ದೆನೆಂದು ಬೀಗುತ್ತಾ ಓಡಾಡಿದೆ. ಸುಜಾತಾ ಹೋದ ಕೆಲವು ವಾರಕ್ಕೆ ಮಸ್ಕತ್ತಿನಿಂದ ಫೋನು ಬಂತು. ಹಲೋ ಅಂದವಳೇ ಶುರು ಮಾಡಿದೆ: ಡ್ಯೂಟಿ ಹೇಗಿದೆ, ರೋಗಿಗಳ ಹತ್ತಿರ ಅರಬಿಯಲ್ಲೇ ಮಾತಾಡುತ್ತೀಯಾ, ಅವರಿಗೆ ಅರ್ಥವಾಗುತ್ತದಾ?

ಅವಳು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, "ದಯವಿಟ್ಟು ಮತ್ತೆ ಪ್ರಯತ್ನಿಸಿ, ಟೀಚರ್" ಅಂದಳು.

ನನಗೆ ನಾಚಿಕೆಯಾಯಿತು. "ಉಂಡ್ಯಾ ಹೆಣೆ?" ಅಂದೆ.

"ಇಲ್ಲ ಟೀಚರ್. ಇಲ್ ಎಲ್ಲರೂ ಉಂಡ್ಯಾ ಅಂದ್ ಅರಬಿಯಂಗೆ ಕೇಂತ್ರ್. ಆರೆ ನಮ್ ಭಾಷಿಯಂಗೆ ಯಾರೂ ಕೇಂತಿಲ್ಲ."

ಮೊದಲು ಎದ್ದು ತಟ್ಟೆ ಹಾಕಿಕೊ, ಫೋನು ಇಡಬೇಡ ಎಂದೆ. ಅವಳು ಉಂಡು ಮುಗಿಸುವ ತನಕ ಬಂಗುಡೆ ಸಾರಿನ ವಿಷಯ ಮಾತಾಡಿದೆವು. ಅರಬಿಯ ಸುದ್ದಿ ಇಬ್ಬರೂ ಎತ್ತಲಿಲ್ಲ.