ಮರವಿಲ್ಲದ ದೇಶಕ್ಕೆ ಹೊರಟಾಗ

“ಮರಾನೇ ಇಲ್ವಾ? ಅಂಗಾದ್ರೆ ಸತ್ತೋರ್ನ ಸುಡಕ್ಕೆ ಏನ್ ಮಾಡ್ತಾರಮ್ಮ?”

ಹಿತ್ತಿಲಲ್ಲಿ ಸೌದೆ ಹೊರೆ ಇಳಿಸಿದ ಬೆಳಕವಾಡಿಯ ಕೆಂಪಮ್ಮ ಹೀಗೆ ಕೇಳಿದಳು. ಎಪ್ಪತ್ತರ ದಶಕದ ಮಾತು. ಮಳವಳ್ಳಿಯಲ್ಲಿ ಭೂಗೋಳದ ಮೇಷ್ಟ್ರಾಗಿದ್ದ ನಮ್ಮ ಯಜಮಾನರು ನಕ್ಷೆ ಹರಡಿ, ಅಲ್ಲಿ ಮರವೇ ಇಲ್ಲವೆನ್ನಬೇಕು ಎನ್ನುತ್ತಾ ಅವಳಿಗೆ ಐಸ್‌ಲ್ಯಾಂಡ್ ತೋರಿಸುತ್ತಿದ್ದರು. ಅಲ್ಲಿನ ಪತ್ರಮಿತ್ರರೊಬ್ಬರು ಬೇಸಿಗೆ ರಜಕ್ಕೆ ಬನ್ನಿರೆಂದು ಟಿಕೇಟನ್ನೇ ಕಳಿಸಿದ್ದರು. ಆದರೆ ಇವರು ಎದೆನೋವೆಂದು ಮಂಡ್ಯದ ಆಸ್ಪತ್ರೆಯಲ್ಲಿ ಮಲಗೆದ್ದು ವರ್ಷವೂ ಆಗಿರಲಿಲ್ಲ. ಡಾಕ್ಟರು ಹೋಗಬಹುದು ಎಂದಿದ್ದರೂ ನನಗೆ ಅನ್ನ ಸೇರುತ್ತಿರಲಿಲ್ಲ. ನಾನು ನಾಲಿಗೆಯ ಮೇಲೆ ತರಲಾರದ್ದನ್ನು ಈಕೆ ಕೇಳಿಯೇಬಿಟ್ಟಿದ್ದಳು.

ನನ್ನ ಮುಖ ನೋಡಿ ಅವಳಿಗೂ ಅರ್ಥವಾಗಿರಬೇಕು. ಹೊರೆಯಿಂದ ದಪ್ಪನೆಯ ಹುಣಸೆ ಕೊರಡೊಂದನ್ನು ಎಳೆದು ಬಚ್ಚಲ ಮೂಲೆಗೆ ನಿಲ್ಲಿಸಿದಳು.

“ಇದ್ನ ಈಗ ಒಲೆಗೆ ಆಕ್‌ಬ್ಯಾಡಿ ಅಮ್ಮಾರೇ. ಮೇಷ್ಟ್ರು ಬಂದ ದಿನ ಇದ್ರಲ್ಲೇ ನೀರು ಕಾಯ್ಸಿಕೊಡಿ. ಕೊರಡು ಕಾಯ್ತಾ ಕುಂತದೆ ಅಂದ್ರೆ ಬಂದೇ ಬತ್ತಾರೆ, ಬುಡಿ.”

ಇವರು ಹೋದ ಅಷ್ಟೂ ದಿನ ಬೆಳಗ್ಗೆ ಎದ್ದವಳೇ ಆ ಕೊರಡನ್ನು ಮುಟ್ಟಿ ನೋಡಿ ಬರುತ್ತಿದ್ದೆ. ಬಂದ ದಿನ ಅದನ್ನೇ ಹಂಡೆಯೊಲೆಗೆ ಹಾಕಿ ಎಣ್ಣೆನೀರು ಮಾಡಿಸಿದೆ. ಇವರು ಮತ್ತೆಂದೂ ಅಷ್ಟು ದೂರ ಹೋಗಲಿಲ್ಲ. ಆದರೂ ಆಮೇಲೆ ಮದ್ದೂರಿಗೆ ಒಂದು ಮದುವೆಗೆ ಹೊರಟರೂ, ಬಚ್ಚಲ ಮೂಲೆಗೆ ಒಂದು ಕೊರಡು ಎತ್ತಿಡದೆ ನಾನು ಇವರನ್ನು ಹೊಸಿಲು ದಾಟಲು ಬಿಡುತ್ತಿರಲಿಲ್ಲ.